ಯಾತಕ್ಕ ಬೇಕ್ರಿ?

ಸುಳ್ಳು ಹೇಳಲು ಹೊರಟವರಿಗೆ ಇಷ್ಟು ಖುಷಿಯಾಗಬಾರದು ಎಂದು ಗುರುದೇವಿಗೆ ಗೊತ್ತಿತ್ತು. ಆದರೂ ಯಾದಗಿರಿಯ ಬಸ್ಸು ಸುರಪುರದ ನಿಲ್ದಾಣದಲ್ಲಿ ಹಿಂದಕ್ಕೆ ಸರಿದು, ಸೊಂಟ ತಿರುಗಿಸಿ, ಗೇಟಿನ ಎರಡು ಕಂಬಗಳ ನಡುವೆ ಮೈ ತಾಗಿಸದೆ ನುಸುಳಿ ರಸ್ತೆಗೆ ಬಂದಾಗ ಅವಳ ಹೊಟ್ಟೆಯೊಳಗೆ ಏನೋ ಕಿಲಕಿಲನೆ ನಕ್ಕಿತು. ಡ್ರೈವರನ ಬೆನ್ನ ಹಿಂದಿನ ಸೀಟು ಅವಳದು. ಸುರಪುರದ ಮನೆಯಿಂದ ಶಹಾಪುರದ ಶಾಲೆಗೆ ಇಪ್ಪತ್ತೆರಡು ವರ್ಷ ಹೋಗಿಬಂದ ಗಣಿತದ ಟೀಚರಿಗೆ ಆ ಸೀಟು ಬಿಟ್ಟುಕೊಡುವುದು ಈ ದಾರಿಯ ಮಂದಿಗೆಲ್ಲ ರೂಢಿಯಾಗಿತ್ತು. ಟೀಚರಿಗೆ ಹಿಂದೆ ಕೂತರೆ ವಾಂತಿ ಬರುತ್ತದೆ ಎಂದು ಅವರೇ ತಿಳಿದುಕೊಂಡಿದ್ದರು, ಅವಳೂ ಇಲ್ಲವೆಂದಿರಲಿಲ್ಲ. ಇವತ್ತು ಭಾನುವಾರ, ಶಾಲೆಯಿಲ್ಲ. ಇವತ್ತು ಶಹಾಪುರದಲ್ಲಿ ಇಳಿಯದೆ ಯಾದಗಿರಿಯವರೆಗೂ ಹೋಗಬೇಕು, ಸ್ಟೇಷನ್ ರಸ್ತೆಯ ಕಾಂತೇಶನ ಅಂಗಡಿಯಲ್ಲಿ ಕಂಪ್ಯೂಟರ್ ಕೊಳ್ಳಬೇಕು. ಪಕ್ಕದಲ್ಲಿ ಗಂಡ ಜಗದೇವಪ್ಪ ಕೂತಿದ್ದಾನೆ. ಅವಳು ನಾಲ್ಕು ವರ್ಷ ಟ್ಯೂಷನ್ ಹೇಳಿ ಕೂಡಿಟ್ಟ ಮೂವತ್ತು ಸಾವಿರ ಅವನ ಅಂಗಿಯ ಒಳಜೇಬಿನಲ್ಲಿದೆ. ಬಸ್ಸಿನಲ್ಲಿ ಹೆಂಗಸಿನ ಚೀಲಕ್ಕಿಂತ ಗಂಡಸಿನ ಜೇಬು ಭದ್ರ ಎಂದು ಅವನೇ ಇಸಿದುಕೊಂಡಿದ್ದ. ಶಾಲೆಯ ಪ್ರಶ್ನೆಪತ್ರಿಕೆಗಳನ್ನು ಮನೆಯಲ್ಲೇ ಟೈಪು ಮಾಡಿ ಮನೆಯಲ್ಲೇ ಪ್ರಿಂಟು ತೆಗೆಯಲು ಕಂಪ್ಯೂಟರ್ ಬೇಕು ಎಂದು ಅವಳು ಅವನಿಗೆ ಹೇಳಿದ್ದಳು. ಅದೇ ಆ ಸುಳ್ಳು.

ಕಂಡಕ್ಟರು ಬಂದು ಅವಳಿಗೆ ಸೊನ್ನೆ ರೂಪಾಯಿಯ ಟಿಕೆಟ್ಟನ್ನೂ ಅವನಿಗೆ ದುಡ್ಡಿನ ಟಿಕೆಟ್ಟನ್ನೂ ಹರಿದುಕೊಟ್ಟ. “ನಿಮ್ದೇ ರಾಜ್ಯ ನಡದದ ಈಗ,” ಎಂದು ಜಗದೇವಪ್ಪ ನಕ್ಕ. ಅವನಿಗೂ ಇವತ್ತು ಖುಷಿಯೇ. ಸುರಪುರದಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡವನು ಭಾನುವಾರ ಅರ್ಧ ದಿನ ಬಾಗಿಲು ಹಾಕಿ ಬರುವುದೆಂದರೆ ಸಣ್ಣ ಮಾತಲ್ಲ. ಅವನ ಖುಷಿಗೆ ಕಾರಣ ಕಂಪ್ಯೂಟರಲ್ಲ, ಪ್ರಿಂಟರು. ಹದಿನೈದು ದಿನದಿಂದ ಅವನು ಬೇಳೆ ತೂಗುತ್ತ, ಎಣ್ಣೆ ಅಳೆಯುತ್ತ, ಬಂದವರಿಗೆಲ್ಲ ನಮ್ಮ ಮನೆಗೆ ಪ್ರಿಂಟರ್ ಬರುತ್ತದೆ ಎಂದು ಹೇಳುತ್ತಿದ್ದಾನೆ. ಈಗ ಜೇಬಿನಿಂದ ನಾಲ್ಕು ಮಡಿಕೆಯ ಹಾಳೆಯೊಂದನ್ನು ತೆಗೆದು, ಅವಳ ಮುಂದೆ ಹಿಡಿದು, “ಜರಾ ತಪ್ಪು ಅದಾವೇನ ನೋಡು,” ಎಂದ. ಅಂಗಡಿಯ ಕರಪತ್ರ. ತೊಗರಿಬೇಳೆಯ ಬಗ್ಗೆ ಎರಡು ಸಾಲು, ಶೇಂಗಾ ಎಣ್ಣೆಯ ಬಗ್ಗೆ ಮೂರು ಸಾಲು, ಕೊನೆಗೆ ‘ಒಮ್ಮೆ ಬಂದವರು ಮತ್ತೆ ಬರುವರು’ ಎಂದು ದಪ್ಪ ಅಕ್ಷರದಲ್ಲಿ. ಮದುವೆಯಾದ ಹೊಸದರಲ್ಲಿ ತವರಿಗೆ ಹೋದಾಗ ಅವನು ಬರೆದ ಒಂದೇ ಒಂದು ಕಾಗದದಲ್ಲೂ ಇಂಥದೇ ಗುಂಡು ಗುಂಡು ಅಕ್ಷರಗಳಿದ್ದವು. “ಕಲರ್ ಬರತದಲ್ಲ?” ಎಂದ. “ಬರತದ್ರಿ,” ಎಂದಳು. ಕಿಲಕಿಲ ಎನ್ನುತ್ತಿದ್ದುದು ಒಳಗೆ ಥಟ್ಟನೆ ಬಾಯಿ ಮುಚ್ಚಿಕೊಂಡಿತು. ಪಾಪ ಅನಿಸಿತು ಅವಳಿಗೆ. ಪಾಪ ಅನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಲೆಕ್ಕ ಮಾತ್ರ ಸರಳವಾಗಿತ್ತು. ಮೂವತ್ತು ಸಾವಿರದಲ್ಲಿ, ಕಂಪ್ಯೂಟರಿನ ಮಿದುಳಾಗಿ ಎರಡು ಕೋರಿನ ಸಣ್ಣ ಪ್ರೊಸೆಸರ್ ಹಾಕಿಸಿದರೆ ಒಂದು ಒಳ್ಳೆಯ ಪ್ರಿಂಟರೂ ಬರುತ್ತದೆ. ಆರು ಕೋರಿನ, ಚಿತ್ರಗಳನ್ನು ಓಡಿಸುವ ಗ್ರಾಫಿಕ್ಸ್ ಶಕ್ತಿ ಒಳಗೇ ಚೆನ್ನಾಗಿರುವ ದೊಡ್ಡ ಪ್ರೊಸೆಸರ್ ಹಾಕಿಸಿದರೆ ಪ್ರಿಂಟರ್ ಬರುವುದಿಲ್ಲ. ಟೈಪಿಂಗಿಗೆ ಸಣ್ಣದು ಸಾಕು, ಸಾಕಾಗಿ ಮಿಗುತ್ತದೆ. ಅವಳಿಗೆ ಬೇಕಾಗಿದ್ದದ್ದಕ್ಕೆ ಸಣ್ಣದು ಸಾಲದು. ಅವಳಿಗೆ ಬೇಕಾಗಿದ್ದದ್ದು ಬಸ್ಸು ಓಡಿಸುವುದು.

ಬಸ್ಸು ಹತ್ತಿಗೂಡೂರ ಕ್ರಾಸಿನಲ್ಲಿ ನಿಂತಿತು. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು, ಕುರಿಮರಿಯೊಂದನ್ನು ಎದೆಗವಚಿಕೊಂಡ ಮುದುಕನೊಬ್ಬ ಬಾಗಿಲಲ್ಲೇ ಸಿಕ್ಕಿಕೊಂಡು ಬೈಸಿಕೊಂಡ. ಡ್ರೈವರನ ಎಡಗಾಲು ಕ್ಲಚ್ಚಿನ ಮೇಲೆ ಕಾದಿತ್ತು. ಗುರುದೇವಿಯ ಎಡಗಾಲೂ ಸೀಟಿನ ಕೆಳಗೆ, ಚಪ್ಪಲಿಯೊಳಗೆ, ಕಾದಿತ್ತು. ಹಿಂದಿನಿಂದ ಕಂಡಕ್ಟರು ತಗಡಿಗೆ ಎರಡು ಸಲ ಬಡಿದು “ರೈಟ್” ಎನ್ನುವವರೆಗೆ ಬಸ್ಸು ಅಲುಗಬಾರದು. ಆಮೇಲೆ ಒಂದು ಕ್ಷಣವೂ ನಿಲ್ಲಬಾರದು. ಆ ಎರಡು ಬಡಿತ ಕೇಳಿದಾಗೆಲ್ಲ ಅವಳ ಬೆನ್ನಹುರಿಯಲ್ಲಿ ಸಣ್ಣಗೆ ಜುಮ್ಮೆನ್ನುತ್ತದೆ, ಇಪ್ಪತ್ತೆರಡು ವರ್ಷದಿಂದಲೂ. ಸುಮಲತಾಳ ಮನೆಯಲ್ಲೂ ಅವಳು ಆ ಬಡಿತಕ್ಕೇ ಕಾದು ಕೂತಿದ್ದಳು. ಸುಮಲತಾ ಅವಳದೇ ಶಾಲೆಯ ಹಿಂದಿ ಟೀಚರು. ಆರು ತಿಂಗಳ ಹಿಂದೆ ರಂಗಂಪೇಟೆಯ ಅವರ ಮನೆಯಲ್ಲಿ ಮೊಮ್ಮಗಳ ತೊಟ್ಟಿಲ ಕಾರ್ಯ. ಹೊರಗೆ ಹೆಂಗಸರು ಜೋಗುಳ ಹಾಡುತ್ತಿದ್ದರು. ಕುಡಿಯುವ ನೀರು ಹುಡುಕುತ್ತ ಒಳಕೋಣೆಗೆ ಹೋದರೆ ಸುಮಲತಾಳ ಗಂಡ ಭೀಮಾಶಂಕರ ಬನಿಯನ್ನು ತೊಟ್ಟು, ಕಂಪ್ಯೂಟರಿನ ಮುಂದೆ ಕೂತು, ಕೆಂಪು ಬಸ್ಸೊಂದನ್ನು ಯಾವುದೋ ಘಾಟಿ ಇಳಿಸುತ್ತಿದ್ದ. ಆ ಭೀಮಾಶಂಕರ ಡಿಪೊದಲ್ಲಿ ಖುದ್ದು ಬಸ್ ಡ್ರೈವರು. ದಿನವಿಡೀ ಓಡಿಸಿ ಮನೆಗೆ ಬಂದು ಮತ್ತೆ ಬಸ್ಸೇ ಓಡಿಸುತ್ತೀರಲ್ಲ ಎಂದು ಅವಳಿಗೆ ನಗು ಬಂತು. “ಇದ್ರಾಗ ಪ್ಯಾಸೆಂಜರ್ ಬಾಯಿ ಮಾಡಂಗಿಲ್ರಿ ಟೀಚರ,” ಎಂದ ಅವನು, ಯಾರೂ ಕೇಳದಿದ್ದರೂ ನಾಚಿಕೊಂಡು. ಎದ್ದು ಕುರ್ಚಿ ಕೊಟ್ಟ. ಕೂರಬಾರದಿತ್ತು. ಕೂತಳು.

ಪರದೆಯ ಮೇಲೆ ಬಸ್ಸು ಗುರುಗುಡುತ್ತ ನಿಂತೇ ಇತ್ತು. ಅವಳು ಕೈ ಕಟ್ಟಿ ಕೂತಿದ್ದಳು. ಯಾಕೆ ಬಿಡುವುದಿಲ್ಲ ಎಂದು ಭೀಮಾಶಂಕರ ಕೇಳಿದ. “ರೈಟ್ ಅಂದಿಲ್ಲಲ್ರಿ,” ಎಂದಳು ಗುರುದೇವಿ. ಅವನು ಬಿದ್ದು ಬಿದ್ದು ನಕ್ಕು, ಕಣ್ಣು ಒರೆಸಿಕೊಂಡು, “ಅದ್ರಾಗ ಕಂಡಕ್ಟರ್ ಇಲ್ರಿ, ನೀವ ಬಿಡ್ರಿ,” ಎಂದ. ಬಿಟ್ಟಳು. ಇಪ್ಪತ್ತು ನಿಮಿಷದಲ್ಲಿ ಎರಡು ಲೈಟಿನ ಕಂಬ, ಒಂದು ಹಣ್ಣಿನ ಬಂಡಿ, ಒಂದು ಪೊಲೀಸ್ ಜೀಪು ಉರುಳಿಸಿದಳು. ಬೆವರಿದಳು. ಆ ಬೆವರು ಈಚೆಗೆ ಕಾರಣವಿಲ್ಲದೆ ಕುತ್ತಿಗೆಯ ಹಿಂದೆ ಒಸರುವ, ಡಾಕ್ಟರಮ್ಮ ‘ಈ ವಯಸ್ಸಿಗೆ ಹಿಂಗೇ’ ಎಂದು ಕೈ ಒದರಿದ ಬೆವರಲ್ಲ; ಅದಕ್ಕೆ ಕಾರಣವಿತ್ತು. ಇಡೀ ಬಸ್ಸು, ಅದರ ನಲವತ್ತು ಸೀಟು, ಅದರ ಹಿಂದಿನ ಟೈರು, ತನ್ನ ಒಂದು ಬೆರಳಿಗೆ ಹೂಂ ಎನ್ನುತ್ತಿತ್ತು. ಅವಳ ಯಾವ ಮಾತಿಗೂ ಅಷ್ಟು ದೊಡ್ಡ ವಸ್ತು ಯಾವತ್ತೂ ಹೂಂ ಎಂದಿರಲಿಲ್ಲ. ಹೊರಗೆ ಬಂದು ಜೋಗುಳಕ್ಕೆ ದನಿಗೂಡಿಸಿದರೂ ಬೆರಳುಗಳು ಮಡಿಲಲ್ಲಿ ಕುಣಿಯುತ್ತಿದ್ದವು, ಸುಮಲತಾ ಏನಾಯಿತೆಂದು ಎರಡು ಸಲ ಕೇಳಿದಳು.

ಆವತ್ತಿನಿಂದ ಅವಳು ಕಳ್ಳಿಯಾದಳು. ಜೋಳದ ಹಿಟ್ಟಿನ ಡಬ್ಬಿಗೆ ಫೋನು ಆನಿಸಿಟ್ಟು, ರೊಟ್ಟಿ ಬಡಿಯುತ್ತ, ಕಡಿಮೆ ದುಡ್ಡಿಗೆ ಯಾವ ಪ್ರೊಸೆಸರು ಒಳ್ಳೆಯದು ಎಂದು ಹೇಳುವ ವಿಡಿಯೋಗಳನ್ನು ನೋಡಿದಳು. ಹೈದರಾಬಾದಿನ ತೆಳ್ಳಗಿನ ಯುವಕನೊಬ್ಬ ದಖನಿ ಉರ್ದುವಿನಲ್ಲಿ ಕೋರೆಂದರೇನು, ಸಾಕೆಟ್ಟೆಂದರೇನು, ಮೊದಲು ಯಾವುದಕ್ಕೆ ದುಡ್ಡು ಹಾಕಬೇಕು, ಆಮೇಲೆ ಯಾವುದಕ್ಕೆ ಎಂದು ತಾಳ್ಮೆಯಿಂದ ಹೇಳುತ್ತಿದ್ದ. ಅವಳ ಮೇಷ್ಟರುಗಳಲ್ಲಿ ಯಾರೂ ಅಷ್ಟು ಚೆನ್ನಾಗಿ ಪಾಠ ಮಾಡಿರಲಿಲ್ಲ. ಭೀಮಾಶಂಕರನ ಆಟಕ್ಕೆ ಕಂಪ್ಯೂಟರಿನಲ್ಲಿ ಏನೇನಿರಬೇಕು ಎಂಬುದನ್ನು ಅವಳು ಪಾಠ ಟಿಪ್ಪಣಿ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದು, ಯಾರಾದರೂ ನೋಡಿಯಾರೆಂದು ಮೇಲೆ ‘ಲಘುತಮ ಸಾಮಾನ್ಯ ಅಪವರ್ತ್ಯ’ ಎಂದು ತಲೆಬರಹ ಕೊಟ್ಟಿದ್ದಳು. ಒಂದು ದಿನ ಹೆಡ್‌ಮಾಸ್ತರರು ಪುಸ್ತಕಕ್ಕೆ ಸಹಿ ಹಾಕುತ್ತ ಆ ಹಾಳೆಗೂ ಸಹಿ ಹಾಕಿಬಿಟ್ಟರು. ಮಗಳು ಮದುವೆಯಾಗಿ ಹೋದ ಮೇಲೆ ಖಾಲಿ ಬಿದ್ದ ಕೋಣೆಯಲ್ಲಿ ಮೇಜು ಸರಿಸಿ, ಪರದೆ ಎಲ್ಲಿ, ಕುರ್ಚಿ ಎಲ್ಲಿ ಎಂದು ಕಣ್ಣಲ್ಲೇ ಅಳೆದಳು. ತನ್ನ ದುಡ್ಡು, ತನ್ನ ಮನೆ, ತನ್ನ ಬೆರಳು. ಕದಿಯುತ್ತಿದ್ದದ್ದು ಏನನ್ನು ಎಂದು ಮಾತ್ರ ಅವಳಿಗೆ ತಿಳಿಯಲಿಲ್ಲ. ಆದರೆ ಕಳ್ಳಿಯ ಎದೆಬಡಿತ ಖರೆಯೇ ಇತ್ತು, ಅದು ಬಲು ಸೊಗಸಾಗಿತ್ತು.

ಭೀಮರಾಯನಗುಡಿ ದಾಟಿ ಶಹಾಪುರ ಬಂತು. ಊರ ಹಿಂದಿನ ಗುಡ್ಡಗಳ ಆಕಾರದಲ್ಲಿ ಮಲಗಿದ ಬುದ್ಧ ಎಂದಿನಂತೆ ಯಾವ ಯೋಚನೆಯೂ ಇಲ್ಲದೆ ಮಲಗಿದ್ದ. ನಿಲ್ದಾಣದ ಎದುರಿಗೇ ಸುಲ್ತಾನಸಾಬನ ಕಂಪ್ಯೂಟರ್ ಅಂಗಡಿ, ಅರ್ಧ ಷಟರು ಎಳೆದುಕೊಂಡು. ಹೋದ ತಿಂಗಳು ಶಾಲೆ ಬಿಟ್ಟ ಮೇಲೆ ಅಲ್ಲಿ ಹೋಗಿ ಮಾನ ಕಳೆದುಕೊಂಡಿದ್ದಳು. ಸುಲ್ತಾನಸಾಬ ಒಳ್ಳೆಯ ಮನುಷ್ಯ, ಕುರ್ಚಿ ಒರೆಸಿ ಕೂರಿಸಿ, ಚಹಾ ತರಿಸಿ, ಆಮೇಲೆ ಎಲ್ಲರೂ ಕೇಳುವುದನ್ನೇ ಕೇಳಿದ. “ಯಾತಕ್ಕ ಬೇಕ್ರಿ ಟೀಚರ?” ಟೈಪಿಂಗಿಗೆ ಎಂದಳು. “ಆರು ಕೋರಿಂದು ಟೈಪಿಂಗಕ್ಕ ಯಾಕ್ರಿ? ಒಂದ ಸೇರ ಜ್ವಾಳ ಬೀಸಾಕ ಮನ್ಯಾಗ ಗಿರಣಿ ಹಾಕಿಸಿದಂಗ ಆಗತದ. ಫುಕಟ್ ರೊಕ್ಕ ಹಾಳ ಮಾಡ್ಕೋಬ್ಯಾಡ್ರಿ.” ಅಂಗಡಿಯಲ್ಲಿದ್ದ ಇಬ್ಬರು ನಕ್ಕರು, ಕೆಟ್ಟದಾಗಿಯಲ್ಲ, ತಿಳಿಯದ ದೊಡ್ಡವರನ್ನು ಕಂಡು ನಗುವ ಹಾಗೆ. ಆರು ಕೋರು ಯಾಕೆ ಬೇಕೆಂದು ಅವಳು ಅರ್ಧ ಗಂಟೆ ಪಾಠ ಮಾಡಬಲ್ಲವಳಾಗಿದ್ದಳು. ತಲೆಯಾಡಿಸಿ, ಬಿಸಿ ಚಹಾ ಗಬಗಬ ಕುಡಿದು ನಾಲಗೆ ಸುಟ್ಟುಕೊಂಡು ಹೊರಗೆ ಬಂದಳು. ಒಂದು ಮಾತು ಸಾಕಿತ್ತು. ನಲವತ್ತೇಳು ವರ್ಷದ ಹೆಂಗಸು, ಲಿಂಗ ಕಟ್ಟಿಕೊಂಡವಳು, ನೂರಾರು ಮಕ್ಕಳಿಗೆ ಬೀಜಗಣಿತ ಕಲಿಸಿದವಳು, ‘ಆಟ ಆಡಾಕ್ರಿ’ ಎಂದು ನಡು ಅಂಗಡಿಯಲ್ಲಿ ಹೇಗೆ ಹೇಳುವುದು? ಯಾತಕ್ಕೆ ಬೇಕು ಎಂದು ಕೇಳದೆ ಕೊಡುವ ಅಂಗಡಿ ಯಾವ ಊರಲ್ಲಿದೆ?

ಒಮ್ಮೆ ಖರೆ ಹೇಳಿದ್ದಳು, ಒಂಬತ್ತು ವರ್ಷದವಳಿದ್ದಾಗ. ಸುರಪುರದ ನಿಲ್ದಾಣದಲ್ಲಿ ಬಸ್ಸು ಖಾಲಿ ನಿಂತಿತ್ತು, ಅಮೃತಮ್ಮಜ್ಜಿ ಎಲೆಯಡಿಕೆ ಕೊಳ್ಳುತ್ತಿದ್ದಳು. ಮೊಮ್ಮಗಳು ಡ್ರೈವರನ ಸೀಟಿಗೆ ಹತ್ತಿ ಕೂತು, ಆ ದೊಡ್ಡ ಚಕ್ರವನ್ನು ತಬ್ಬಿಕೊಂಡು, ರಬ್ಬರಿನ ಹಾರ್ನನ್ನು ಎರಡೂ ಕೈಯಲ್ಲಿ ಒತ್ತಿದ್ದೇ ತಡ, ಇಡೀ ನಿಲ್ದಾಣ ತಿರುಗಿ ನೋಡಿತು. ಕಂಡಕ್ಟರ್ ಭಾಗಣ್ಣ ಕಿವಿ ಹಿಡಿದು ಇಳಿಸಿದ. “ಹುಡುಗೇರು ಹಿಂದ ಕುಂದ್ರಬೇಕು,” ಎಂದ. ಮಂದಿ ನಕ್ಕಿತು. ಅವಳು ಓಡಿ ಬಂದು ಅಜ್ಜಿಯ ಹಿಂದೆ ಅಡಗಿದ್ದಳು, ಬಸ್ಸಿನ ಹತ್ತಿರ ಹೋಗಿಯೇ ಇಲ್ಲವೆಂದು ಅತ್ತಿದ್ದಳು. ಅಜ್ಜಿ ಆಗ ಏನೂ ಅನ್ನಲಿಲ್ಲ. ಅಮೃತಮ್ಮಜ್ಜಿಯ ಪೊಲೀಸುಗಿರಿಯೇ ಬೇರೆ. ಮರುದಿನ ಬೆಳಿಗ್ಗೆ ಪೂಜೆಯ ಹೊತ್ತಿಗೆ, ಮೊಮ್ಮಗಳು ಸೆರಗಿಗೆ ಬದಲಾಗಿ ತಲೆಗೆ ಟವೆಲು ಹೊದ್ದು, ಲಿಂಗವನ್ನು ಎಡಗೈಯ ಅಂಗೈ ಮೇಲೆ ಇಟ್ಟುಕೊಂಡು, ಕಣ್ಣಿನ ಮಟ್ಟಕ್ಕೆ ಎತ್ತಿ ನೋಡುತ್ತಿರುವಾಗ, ಎದುರಿಗೆ ಕೂತು ಮೆಲ್ಲಗೆ ಕೇಳಿದಳು. “ಈಗ ಹೇಳವ್ವ. ಹಾರ್ನ್ ಯಾರ್ ಒತ್ತಿದ್ರು?” ಅಂಗೈ ಮೇಲೆ ಲಿಂಗವಿತ್ತು. ಇನ್ನೇನು ಹೇಳಲು ಬಾಯಿ ಬರಬೇಕು? “ನಾನೇ,” ಎಂದಳು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. “ಮತ್ತ ಒತ್ತಬೇಕು ಅನಸ್ತದ,” ಎಂದೂ ಸೇರಿಸಿದಳು. ಪೂಜೆ ಮುಗಿದು ಲಿಂಗ ಕರಡಿಗೆಯೊಳಗೆ ಹೋಗಿ ಕೂತ ಮೇಲೆ ಬೆನ್ನಿಗೊಂದು ಗುದ್ದು ಬಿತ್ತು. ಬೆಲ್ಲ ಕದ್ದದ್ದು, ಬಳಪ ಮುರಿದದ್ದು, ಅಜ್ಜಿಯ ಕನ್ನಡಕದ ಮೇಲೆ ಕೂತದ್ದು, ಎಲ್ಲವೂ ಹೀಗೇ ಅಂಗೈ ಮೇಲೆ ಬಯಲಾದವು. ಈಗಲೂ ದಿನಾ ಬೆಳಿಗ್ಗೆ ಆ ಹತ್ತು ನಿಮಿಷದಲ್ಲಿ ಜಗದೇವಪ್ಪ ಏನಾದರೂ ಕೇಳಿದರೆ ಅವಳು ಉತ್ತರಿಸುವುದಿಲ್ಲ, ಅವನೂ ಕೇಳುವುದಿಲ್ಲ.

ದೋರನಹಳ್ಳಿ ದಾಟಿ, ಭೀಮಾ ನದಿಯ ಸೇತುವೆ ದಾಟಿ, ಯಾದಗಿರಿಯಲ್ಲಿ ಇಳಿದಾಗ ಹನ್ನೊಂದೂವರೆ. ಸ್ಟೇಷನ್ ರಸ್ತೆಯ ಬಿಸಿಲು ಮಂಡೆಯ ಮೇಲೆ ಕೂತಿತ್ತು. ಜಗದೇವಪ್ಪ ಮುಂದೆ ಮುಂದೆ, ಅವಳು ಹಿಂದೆ ಹಿಂದೆ. ಏನು ಮಾಡುವುದೆಂದು ಅವಳು ಇನ್ನೂ ನಿರ್ಧರಿಸಿರಲಿಲ್ಲ. ಸಣ್ಣ ಪ್ರೊಸೆಸರು, ಪ್ರಿಂಟರು, ಗಂಡನ ಕರಪತ್ರ, ಶಾಂತಿ. ಸಾಕಲ್ಲ? ಸಣ್ಣದರಲ್ಲೂ ಬಸ್ಸು ಓಡಬಹುದೇನೋ, ನಿಂತು ನಿಂತು, ಕುಂಟುತ್ತ, ಚಿತ್ರ ಚೂರುಚೂರಾಗಿ. ಕುಂಟುವ ಬಸ್ಸನ್ನು ನೆನೆದು ಅವಳಿಗೆ ಅಳು ಬಂದಂತಾಯಿತು, ತಕ್ಷಣವೇ ತನ್ನ ಬಗ್ಗೆ ನಗು ಬಂತು. ಮೂವತ್ತು ವರ್ಷದ ಕಾಂತೇಶ, ಹಣೆಯ ಮೇಲೆ ಮೂರು ಎಳೆ ವಿಭೂತಿ, ಬಿಚ್ಚಿಟ್ಟ ಯಂತ್ರಗಳ ನಡುವೆ ಕೂತಿದ್ದ. “ಬರ್ರಿ ಸಾವ್ಕಾರ್ರ, ಬರ್ರಿ ಅಕ್ಕಾರ,” ಎಂದು ಎರಡು ಸ್ಟೂಲು ಸರಿಸಿದ. ಫ್ಯಾನಿನ ಮುಖ ಅವರ ಕಡೆ ತಿರುಗಿಸಿದ. ಆಮೇಲೆ ಕೇಳಿದ. “ಯಾತಕ್ಕ ಬೇಕ್ರಿ?”

ಉತ್ತರ ಹೇಳಿದ್ದು ಜಗದೇವಪ್ಪ. ಪ್ರಶ್ನೆಪತ್ರಿಕೆ, ಟೈಪಿಂಗು, ಕಲರ್ ಪ್ರಿಂಟರು, ಮತ್ತೆ ತನ್ನ ಅಂಗಡಿಯ ಕರಪತ್ರ, ಅದರ ದಪ್ಪ ಅಕ್ಷರದ ಕೊನೆಯ ಸಾಲು. ಎಲ್ಲ ಕೇಳಿಸಿಕೊಂಡು ಕಾಂತೇಶ, “ಹಂಗಾದ್ರ ಎರಡು ಕೋರಿಂದು ಸಾಕ್ರಿ. ಮೂವತ್ತರಾಗ ಪ್ರಿಂಟರ್ ಸಹಿತ ಕುಂದ್ರಸ್ತೀನಿ,” ಎಂದು ಚೀಟಿ ಬರೆಯತೊಡಗಿದ. ಅವನ ಪೆನ್ನು ಓಡುವುದನ್ನು ಗುರುದೇವಿ ನೋಡಿದಳು. ಪೆನ್ನು ನಿಂತರೆ ಎಲ್ಲ ಮುಗಿಯಿತು.

“ಆರು ಕೋರಿಂದು… ಸುಮ್ಮ ಕೇಳೀನಿ… ಇಟ್ಟೀರೇನು?” ಎಂದಳು.

“ಒಂದ ಅದ ಅಕ್ಕಾರ. ಟ್ರೇ ಪೀಸು, ಡಬ್ಬಿ ಇಲ್ಲ, ಅದಕ್ಕ ಜರಾ ಸಸ್ತಾ. ನಿಮಗ್ಯಾಕ್ರಿ ಅದು?”

“ಪಿನ್ ಎಲ್ಲ ನೆಟ್ಟಗ ಅದಾವೇನು? ಡಬ್ಬಿ ಇಲ್ಲದ್ದು ಅಂದ್ರ ನೋಡಿ ತಗೋಬೇಕಲ್ರಿ.”

ಕಾಂತೇಶನ ಪೆನ್ನು ನಿಂತಿತು. ಟೈಪಿಂಗಿಗೆ ಕಂಪ್ಯೂಟರ್ ಕೊಳ್ಳುವವರು ಪಿನ್ನಿನ ಮಾತು ಆಡುವುದಿಲ್ಲ. ಅವನು ಅವಳನ್ನು ಒಂದು ಗಳಿಗೆ ನೋಡಿ, ಎದ್ದು, ಕಪಾಟಿನಿಂದ ಪಾರದರ್ಶಕ ಪ್ಲಾಸ್ಟಿಕ್ಕಿನ ಸಣ್ಣ ಗೂಡೊಂದನ್ನು ತೆಗೆದು, ಅದರೊಳಗಿನ ಪ್ರೊಸೆಸರಿನ ಚೌಕವನ್ನು ಎರಡು ಬೆರಳಲ್ಲಿ ಅಂಚು ಹಿಡಿದೆತ್ತಿದ. “ಪಿನ್ ಮುಟ್ಟಬ್ಯಾಡ್ರಿ ಮತ್ತ,” ಎಂದು ಅವಳ ಮುಂದೆ ಚಾಚಿದ. ಗುರುದೇವಿ ಎಡಗೈ ಮುಂದೆ ಮಾಡಿದಳು. ಬಲಗೈಯವಳು ಎಡಗೈ ಯಾಕೆ ಮಾಡಿದಳೋ ಅವಳಿಗೆ ಗೊತ್ತಿಲ್ಲ. ಅಂಗೈಯ ನಡುವೆ ಆ ಚೌಕ ಕೂತಿತು. ಹಗುರವಾಗಿತ್ತು, ಅವಳು ಅಂದುಕೊಂಡದ್ದಕ್ಕಿಂತ ಹಗುರ, ತಣ್ಣಗೆ. ಸಾವಿರಾರು ಚಿನ್ನದ ಬಣ್ಣದ ಪಿನ್ನು, ಸಣ್ಣ ರವೆಯ ಕಾಳಿನಂತೆ ಸಾಲು ಹಿಡಿದು ನಿಂತಿದ್ದವು. ಒಂದೂ ಬಾಗಿರಲಿಲ್ಲ. ಇನ್ನೂ ಚೆನ್ನಾಗಿ ನೋಡಲೆಂದು ಅಂಗೈಯನ್ನು ಎದೆಯ ಮಟ್ಟಕ್ಕೆ, ಅಲ್ಲಿಂದ ಕಣ್ಣಿನ ಮಟ್ಟಕ್ಕೆ ಎತ್ತಿದಳು. ಬೆನ್ನು ತಾನಾಗಿ ನೆಟ್ಟಗಾಯಿತು. ಉಸಿರು ನಿಧಾನವಾಯಿತು. ಬಲಗೈ, ಅದಕ್ಕೆ ಯಾರೂ ಹೇಳಿರಲಿಲ್ಲ, ಮೆಲ್ಲಗೆ ಹಿಂದಕ್ಕೆ ಹೋಗಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತು.

ಮೂವತ್ತೆಂಟು ವರ್ಷದ ಅಭ್ಯಾಸ ಮೈಯನ್ನು ಹಿಡಿದು ಕೂರಿಸಿದ್ದು ಅವಳಿಗೆ ಅರಿವಾದದ್ದು, ಪಕ್ಕದಲ್ಲಿ ಟಪ್ ಎಂದು ಸಣ್ಣ ಸದ್ದಾದಾಗ. ಜಗದೇವಪ್ಪ ಚಪ್ಪಲಿ ಬಿಟ್ಟಿದ್ದ. ಸ್ಟೂಲಿನಿಂದ ಎದ್ದು, ಬರಿಗಾಲಲ್ಲಿ, ಒಂದು ಹೆಜ್ಜೆ ಹಿಂದೆ ಸರಿದು ನಿಂತಿದ್ದ. ಅವನಿಗೂ ತಾನು ಮಾಡಿದ್ದು ಗೊತ್ತಾಗಿರಲಿಲ್ಲ. ಕಾಂತೇಶ ಫೋನಿನ ಹಾಡು ನಿಲ್ಲಿಸಿದ್ದ. ಫ್ಯಾನು ಮಾತ್ರ ತಿರುಗುತ್ತಿತ್ತು. ಅಯ್ಯೋ ಶಿವನೆ, ಇದು ಪಾಪವೇ? ಕೈ ಇಳಿಸಬೇಕು, ನಗಬೇಕು, ಏನಾದರೂ ಹೇಳಬೇಕು ಎಂದುಕೊಂಡಳು. ಕೈ ಇಳಿಯಲಿಲ್ಲ. ಒಳಗೆ ಕಿಲಕಿಲ ಎನ್ನುತ್ತಿದ್ದದ್ದು ಎಚ್ಚರಗೊಂಡು, ಗಂಟಲವರೆಗೆ ಏರಿ ಬಂದು, ಅಲ್ಲಿ ಕಾದು ಕೂತಿತ್ತು. ಆಗ ಜಗದೇವಪ್ಪ, ಪೂಜೆಯ ಹೊತ್ತಿನಲ್ಲಿ ಆಡುವಷ್ಟೇ ಸಣ್ಣ ದನಿಯಲ್ಲಿ, ಕೇಳಬಾರದ ಗಳಿಗೆಯಲ್ಲಿ ಕೇಳಿದ.

“ಟೈಪಿಂಗಿಗೇ ಅಲ್ಲೇನು?”

“ಅಲ್ರಿ,” ಎಂದಳು ಗುರುದೇವಿ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. “ಬಸ್ ಓಡಸಾಕ. ಕಂಪ್ಯೂಟರಿನ್ಯಾಗ ಒಂದ್ ಆಟ ಅದ್ರಿ. ನನಗ ಬಸ್ ಓಡಸಬೇಕು ಅನಸ್ತದ. ಅದಕ್ಕ ಇದು ಬೇಕು. ಪ್ರಿಂಟರ್ ಬ್ಯಾಡ.”

ಹೇಳಿದ ಮೇಲೆ ಭೂಮಿ ಬಾಯಿ ಬಿಡಲಿಲ್ಲ. ಕಾಂತೇಶ ಮಾತ್ರ ಬಾಯಿ ಬಿಟ್ಟ. “ಅದ್ನ ಮೊದ್ಲ ಹೇಳಬಾರ್ದೇನ್ರಿ ಅಕ್ಕಾರ! ಹಂಗಾದ್ರ ಇದೇ ಬೇಕ್ರಿ. ಸಣ್ಣದ್ರಾಗ ನಿಮ್ ಬಸ್ಸು ಸ್ಟ್ಯಾಂಡ್ ಬಿಟ್ಟು ಹೊರಗ ಬರಂಗಿಲ್ಲ.” ಅವನು ಹಳೆಯ ಚೀಟಿ ಹರಿದು ಹೊಸ ಹಾಳೆ ತೆಗೆದ. ಗುರುದೇವಿಯ ಎದೆ ಹಗುರವಾಗಿ, ತಲೆ ತಿರುಗಿದಂತಾಗಿ, ಒಂದು ಹುಚ್ಚು ನಗು ಹೊರಗೆ ಬಂದೇ ಬಿಟ್ಟಿತು. ಅಂಗೈ ಮೇಲಿನ ಚೌಕ ಅಲುಗೀತೆಂದು ಕಾಂತೇಶ ಗಾಬರಿಯಿಂದ ಎತ್ತಿಕೊಂಡ. ನಗುತ್ತಲೇ ತಿರುಗಿ ನೋಡಿದಳು. ಜಗದೇವಪ್ಪ ತನ್ನ ಬರಿಗಾಲುಗಳನ್ನು ನೋಡುತ್ತಿದ್ದ.

“ನಾ ಮಂದಿಗೆಲ್ಲ ಹೇಳೀನಿ, ಪ್ರಿಂಟರ್ ಬರತದ ಅಂತ,” ಎಂದ. ಸಿಟ್ಟಿನ ದನಿಯಲ್ಲ, ಅದಕ್ಕೇ ಅವಳ ನಗು ನಿಂತಿತು. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ರಸ್ತೆಯಾಚೆ ಚಹಾದ ಬಂಡಿಯ ಪಕ್ಕ, ಚಹಾ ಕೇಳದೆ, ಬೆನ್ನು ಮಾಡಿಕೊಂಡು ಬಿಸಿಲಲ್ಲಿ ನಿಂತ. ದುಡ್ಡು ಅವನ ಜೇಬಿನಲ್ಲಿತ್ತು. ಕರಪತ್ರವೂ ಅದೇ ಜೇಬಿನಲ್ಲಿತ್ತು. ಅವನು ಹಾಗೇ ಬಸ್ ನಿಲ್ದಾಣಕ್ಕೆ ನಡೆದುಬಿಟ್ಟರೆ ಅವಳು ಖಾಲಿ ಕೈಯಲ್ಲಿ ಹಿಂದೆ ಹಿಂದೆ ಹೋಗಬೇಕು, ಸೊನ್ನೆ ರೂಪಾಯಿಯ ಟಿಕೆಟ್ಟಿನಲ್ಲಿ. ಕೂಗಲೇ ಎಂದುಕೊಂಡಳು. ಪ್ರಿಂಟರೇ ಇರಲಿ ಬರ್ರಿ, ತಮಾಷೆ ಮಾಡಿದೆ ಎನ್ನಲೇ. ಎಡ ಅಂಗೈ ಇನ್ನೂ ತಣ್ಣಗಿತ್ತು. ಕೂಗಲಿಲ್ಲ. ಸೆರಗು ತಲೆಯ ಮೇಲೆಯೇ ಇದ್ದದ್ದು ಅವಳಿಗೆ ಮರೆತುಹೋಗಿತ್ತು, ಕಾಂತೇಶನೂ ನೆನಪಿಸಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಜಗದೇವಪ್ಪ ಒಳಗೆ ಬಂದ. ಒಳಜೇಬಿಗೆ ಕೈ ಹಾಕಿ ನೋಟಿನ ಕಟ್ಟು ತೆಗೆದು ಮೇಜಿನ ಮೇಲೆ ಇಟ್ಟ. ಹತ್ತು ರೂಪಾಯಿಯನ್ನೂ ಎರಡು ಸಲ ಎಣಿಸುವ ಮನುಷ್ಯ ಎಣಿಸಲೇ ಇಲ್ಲ. ಕಟ್ಟಿನ ಜೊತೆ ನಾಲ್ಕು ಮಡಿಕೆಯ ಆ ಹಾಳೆಯೂ ಬಂದಿತ್ತು. ಅದನ್ನು ಮಾತ್ರ ಎತ್ತಿ, ಅಂಚು ಸರಿಮಾಡಿ, ಮತ್ತೆ ಜೇಬಿಗಿಟ್ಟುಕೊಂಡ. ಅವಳಿಗೆ ಅಲ್ಲೇ ಸತ್ತುಹೋಗಬೇಕು ಅನಿಸಿತು, ಮತ್ತು ಅದೇ ಗಳಿಗೆಯಲ್ಲಿ, ನಾಚಿಕೆಗೆಟ್ಟ ಹಾಗೆ, ಕುಣಿಯಬೇಕೂ ಅನಿಸಿತು.

ಕಾಂತೇಶ ಎಲ್ಲ ಜೋಡಿಸಿ, ಆಟವನ್ನೂ ಹಾಕಿಕೊಟ್ಟು, ಅವರು ಬಸ್ಸು ಹತ್ತಿದಾಗ ನಾಲ್ಕು ಗಂಟೆ. ಡಬ್ಬಿಗೆ ಲಗೇಜಿನ ಟಿಕೆಟ್ಟು ತೆಗೆದುಕೊಳ್ಳಿ ಎಂದು ಕಂಡಕ್ಟರು ಜಗಳ ತೆಗೆದ, ಜಗದೇವಪ್ಪ ಜಗಳವಾಡದೆ ಕೊಟ್ಟ. ಅದನ್ನು ಕಂಡೇ ಅವಳಿಗೆ ಭಯವಾಯಿತು. ಅವನು ಪರದೆಯನ್ನು ತೊಡೆಯ ಮೇಲೆ ನಿಲ್ಲಿಸಿ ಹಿಡಿದುಕೊಂಡಿದ್ದ, ಅದರ ಕಪ್ಪು ಗಾಜಿನಲ್ಲಿ ಅವನದೇ ಮುಖ ಅಲುಗುತ್ತಿತ್ತು. ಸೇತುವೆ ಹೋಯಿತು, ದೋರನಹಳ್ಳಿ ಹೋಯಿತು, ಶಹಾಪುರ ಹೋಯಿತು. ಭೀಮರಾಯನಗುಡಿಯ ಹತ್ತಿರ ಎಮ್ಮೆಯೊಂದು ಅಡ್ಡ ಬಂದು ಡ್ರೈವರು ಬ್ರೇಕು ಒತ್ತಿದ. ಗುರುದೇವಿಯ ಬಲಗಾಲೂ ಒತ್ತಿತು.

“ಮದುವಿ ಆದಾಗಿಂದ ನೋಡಕತ್ತೀನಿ,” ಎಂದ ಜಗದೇವಪ್ಪ, ಪರದೆಯೊಳಗಿನ ತನ್ನ ಮುಖಕ್ಕೇ ಹೇಳುವವನಂತೆ. “ಬಸ್ಸಿನ್ಯಾಗ ಕುಂತ್ರ ನಿನ್ ಕಾಲು ಸುಮ್ಮ ಇರಂಗಿಲ್ಲ. ಬಸ್ಸಿಗಿ ಅಂಜತಿ ಅಂತ ತಿಳಕೊಂಡಿದ್ದೆ.”

“ಅಂಜಂಗಿಲ್ರಿ,” ಎಂದಳು. ಅವನು ಪರದೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ. ಸುರಪುರದಲ್ಲಿ ಇಳಿದು ಆಟೊ ಹಿಡಿದು, ಡಬ್ಬಿಗಳನ್ನು ಮಗಳ ಕೋಣೆಯಲ್ಲಿ ಇಳಿಸಿ, ನೀರು ಕುಡಿದು, ಅಂಗಡಿಯ ಬಾಗಿಲು ತೆಗೆಯಲು ಹೊರಟುಹೋದ. ಅಂಗಡಿಯಲ್ಲಿ ಮಂದಿ ಕೇಳುತ್ತಾರೆ. ಏನು ಹೇಳುತ್ತಾನೋ.

ವೈರುಗಳನ್ನು ಅವಳೇ ಸಿಕ್ಕಿಸಿದಳು. ಕಾಂತೇಶ ಹೇಳಿಕೊಟ್ಟದ್ದಕ್ಕಿಂತ ಹೈದರಾಬಾದಿನ ಯುವಕ ಹೇಳಿಕೊಟ್ಟದ್ದೇ ನೆನಪಿತ್ತು. ಹೊಸ ವಸ್ತುವಿಗೆ ವಿಭೂತಿ ಹಚ್ಚಬೇಕಲ್ಲ ಎಂದು ನೆನಪಾಗಿ, ಕಂಪ್ಯೂಟರಿನ ಡಬ್ಬಿಯ ಹಣೆಗೆ ಮೂರು ಎಳೆ ಎಳೆದಳು, ಅಂಗೈಯ ಮೇಲೆ ಕೂತಿದ್ದ ಚೌಕ ಈಗ ಅದರೊಳಗೆ ಎಲ್ಲೋ ಇತ್ತು. ಗುಂಡಿ ಒತ್ತಿದಳು. ದೀಪ ಬಂತು, ಬಣ್ಣ ಬಂತು, ನಿಲ್ದಾಣ ಬಂತು. ಯಾವ ದೇಶದ್ದೋ ನಿಲ್ದಾಣ, ಅದರಲ್ಲಿ ಕೆಂಪು ಬಸ್ಸು, ಕುಂಟದೆ, ಚೂರಾಗದೆ, ಗುರುಗುಡುತ್ತ ನಿಂತಿತು. ಪ್ಯಾಸೆಂಜರುಗಳು ಹತ್ತಿ ಕೂತರು. ಬೆರಳನ್ನು ಗುಂಡಿಯ ಮೇಲಿಟ್ಟಳು. ಒತ್ತಲಾಗಲಿಲ್ಲ. ಅದರಲ್ಲಿ ಕಂಡಕ್ಟರ್ ಇಲ್ಲ, ನೀವೇ ಬಿಡ್ರಿ ಎಂದು ಭೀಮಾಶಂಕರ ಹೇಳಿದ್ದು ನೆನಪಿತ್ತು. ಆದರೂ ಬೆರಳು ಮೇಲೇಳಲಿಲ್ಲ, ಕೆಳಗೂ ಹೋಗಲಿಲ್ಲ. ಒಬ್ಬಳೇ ಆಡುವುದಕ್ಕೆಂದೇ ತಂದದ್ದು, ಒಬ್ಬಳೇ ಕೂತಿದ್ದೇನೆ, ಇನ್ನೇನು ಬೇಕು ಎಂದು ತನ್ನನ್ನೇ ಬೈದುಕೊಂಡಳು. ಅಂಗಡಿಯಲ್ಲಿ ಅವನು ಯಾರ ಮುಂದೆ ಏನು ಹೇಳುತ್ತ ಬೇಳೆ ತೂಗುತ್ತಿದ್ದಾನೋ ಎಂದು ನೆನೆದು ಕಣ್ಣು ಮಂಜಾಯಿತು. ಬಸ್ಸು ಗುರುಗುಡುತ್ತಲೇ ಇತ್ತು.

ಅಂಗಡಿಯ ಬಾಗಿಲು ಹಾಕಿದ ಸದ್ದಾಗಲಿ, ಅಂಗಳದಲ್ಲಿ ಚಪ್ಪಲಿ ಬಿಟ್ಟ ಸದ್ದಾಗಲಿ ಅವಳಿಗೆ ಕೇಳಿಸಿರಲಿಲ್ಲ. ಬೆನ್ನ ಹಿಂದೆ ಬಾಗಿಲ ಚೌಕಟ್ಟಿಗೆ ಯಾರೋ ಎರಡು ಸಲ ಬಡಿದರು, ಅಂಗೈಯಿಂದ, ಜೋರಾಗಿ.

“ರೈಟ್,” ಎಂದ ಜಗದೇವಪ್ಪ. “ಹೋಗ್ಲಿ.”

ಅವಳು ತಿರುಗಿ ನೋಡಲಿಲ್ಲ. ರೈಟ್ ಎಂದ ಮೇಲೆ ನಿಲ್ಲಬಾರದು. ಗುಂಡಿ ಒತ್ತಿದಳು, ಬಸ್ಸು ಹೊರಟಿತು.